ಹಾರ್ನಿಮನ್ ಸರ್ಕಲ್: ಹತ್ತಿಯ ಬಯಲಿನಲ್ಲಿ ನಮ್ಮದೂ ಒಂದು ಪಾಲು

ಮುಂಬಯಿಗೆ ಬಂದು ಬದುಕು ಕಟ್ಟಿಕೊಂಡ ಕನ್ನಡಿಗರಲ್ಲಿ ಫೋರ್ಟ್ ಪ್ರದೇಶವನ್ನು ತುಳಿಯದವರು ವಿರಳ. ಬ್ಯಾಂಕು, ವಿಮಾ ಕಚೇರಿ, ಬಂದರು, ಸರಕಾರಿ ಇಲಾಖೆ, ಹೋಟೆಲು ಹೀಗೆ ನಮ್ಮವರ ಅನ್ನದ ದಾರಿ ಒಂದಲ್ಲ ಒಂದು ಕಾಲದಲ್ಲಿ ಅಲ್ಲಿನ ಗಲ್ಲಿಗಳ ಮೂಲಕವೇ ಹಾದುಹೋಗಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರು ಇಂದಿಗೂ ಆ ಬೀದಿಗಳ ಹೆಸರನ್ನು ಊರ ಕೇರಿಗಳ ಹೆಸರಿನಂತೆ ಹೇಳುತ್ತಾರೆ. ಆದರೆ ಲೋಕಲ್ ಗಾಡಿ ಇಳಿದು ಮಸ್ಟರಿಗೆ ಸಹಿ ಹಾಕಲು ಓಡುವವನಿಗೆ ತಲೆಯೆತ್ತಿ ನೋಡಲು ಪುರಸೊತ್ತೆಲ್ಲಿ? ಹೀಗಾಗಿ ದಿನವೂ ಹಾದುಹೋಗುವ ಜಾಗವೇ ನಮಗೆ ಅಪರಿಚಿತವಾಗಿ ಉಳಿದುಬಿಡುತ್ತದೆ.

ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಒಂದು ಪ್ರಶ್ನೆ ಕೇಳುವುದುಂಟು. ನಮ್ಮ ಊರು ಯಾವುದು? ನಾವು ಉಡುಪಿಯೆಂದೋ, ಕುಮಟೆಯೆಂದೋ, ಧಾರವಾಡವೆಂದೋ, ವಿಜಾಪುರವೆಂದೋ ಥಟ್ಟನೆ ಉತ್ತರಿಸುತ್ತೇವೆ. ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಹಾಗಾದರೆ ಈ ಊರು ಯಾರದ್ದು? ನಾವಿಲ್ಲಿ ಬರೇ ಬಿಡಾರದವರೇ? ಈ ಪ್ರಶ್ನೆಗೆ ಭಾಷಣದಲ್ಲಿ ಉತ್ತರ ಹುಡುಕುವುದಕ್ಕಿಂತ ಒಂದು ಜಾಗದ ಚರಿತ್ರೆಯಲ್ಲಿ ಹುಡುಕುವುದು ಲೇಸೆಂದು ನಮಗೆ ತೋರುತ್ತದೆ. ಆ ಜಾಗ ಹಾರ್ನಿಮನ್ ಸರ್ಕಲ್.

ಚರ್ಚ್‌ಗೇಟ್ ಕಡೆಯಿಂದ ಬರುವವರು ಹುತಾತ್ಮ ಚೌಕವನ್ನು ದಾಟಿ ವೀರ ನರಿಮನ್ ರಸ್ತೆಯಲ್ಲಿ ನೇರ ಪೂರ್ವಕ್ಕೆ ನಡೆದರೆ ಸಾಕು. ಎಡಗಡೆಗೆ ಸಂತ ಥಾಮಸರ ಇಗರ್ಜಿ ಕಾಣುತ್ತದೆ. ಅದನ್ನು ದಾಟಿದೊಡನೆ ರಸ್ತೆ ಎರಡಾಗಿ ಸೀಳಿ, ಒಂದು ದುಂಡಗಿನ ಉದ್ಯಾನವನ್ನು ಬಳಸಿಕೊಂಡು ಹೋಗುತ್ತದೆ. ಉದ್ಯಾನದ ಎರಡೂ ಪಕ್ಕದಲ್ಲಿ ಬಿಲ್ಲಿನಂತೆ ಬಾಗಿದ ಕಲ್ಲಿನ ಕಟ್ಟಡಗಳ ಸಾಲು. ಎದುರಿಗೆ, ಕಡಲಿಗೆ ಬೆನ್ನು ಮಾಡಿ ನಿಂತ, ಬಿಳಿಯ ಕಂಬಗಳ ಟೌನ್ ಹಾಲ್. ರಜೆಯ ದಿನ ಬೆಳಗಿನ ಹೊತ್ತು, ವಾಹನಗಳ ಸದ್ದು ಅಡಗಿರುವಾಗ ಉದ್ಯಾನದ ಮಗ್ಗುಲಲ್ಲಿ ನಿಂತು ಒಂದು ಸುತ್ತು ಕಣ್ಣು ಹಾಯಿಸಿದರೆ, ಮುಂಬಯಿಯಲ್ಲಿ ಇಂಥ ಅಳತೆಗಟ್ಟಿನ ಜಾಗ ಬೇರೊಂದಿಲ್ಲವೆಂದು ಯಾರಿಗಾದರೂ ಅನ್ನಿಸದಿರದು.

ಹಸಿರು ಹೋಗಿ ಹತ್ತಿ

ಈ ದುಂಡು ಮೊದಲಿನಿಂದ ಇದ್ದುದಲ್ಲ. ಕೋಟೆಯ ಗೋಡೆಗಳೊಳಗೆ ಇಂಗ್ಲಿಷರ ಪುಟ್ಟ ಪಟ್ಟಣವಿದ್ದಾಗ ಇಲ್ಲಿ ದೊಡ್ಡ ಬಯಲೊಂದಿತ್ತು. ಅದನ್ನು ಬಾಂಬೆ ಗ್ರೀನ್ ಎನ್ನುತ್ತಿದ್ದರು. ಬಯಲಿನ ಮಗ್ಗುಲಲ್ಲಿ ಸಂತ ಥಾಮಸರ ಇಗರ್ಜಿ 1718ರ ಕ್ರಿಸ್‌ಮಸ್ ದಿನ ತೆರೆಯಿತು. ಕೋಟೆಗೋಡೆಯ ಪಶ್ಚಿಮದ ಬಾಗಿಲಿನಿಂದ ಬಂದವರು ಈ ಇಗರ್ಜಿಗೆ ತಲುಪುತ್ತಿದ್ದುದರಿಂದ ಆ ಬಾಗಿಲಿಗೆ ಚರ್ಚ್ ಗೇಟ್ ಎಂದು ಹೆಸರಾಯಿತು. 1860ರ ದಶಕದಲ್ಲಿ ಗೋಡೆಯನ್ನೂ ಬಾಗಿಲನ್ನೂ ಕೆಡವಿದರು. ಇಲ್ಲದ ಬಾಗಿಲಿನ ಹೆಸರನ್ನು ದಿನಕ್ಕೆ ಲಕ್ಷಾಂತರ ಜನ ಇಂದಿಗೂ ರೈಲು ನಿಲ್ದಾಣದಲ್ಲಿ ಉಚ್ಚರಿಸುತ್ತಾರೆ. ಹೆಸರುಗಳ ಆಯುಷ್ಯ ಕಲ್ಲಿನ ಆಯುಷ್ಯಕ್ಕಿಂತ ದೊಡ್ಡದು. ಇದನ್ನು ನೆನಪಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಹಸಿರು ಬಯಲೆಂಬ ಹೆಸರಿದ್ದರೂ ಬರಬರುತ್ತ ಅಲ್ಲಿ ಕಾಣುತ್ತಿದ್ದುದು ಹಸಿರಲ್ಲ, ಬಿಳುಪು. ದೋಣಿಗಳಲ್ಲಿ ಬಂದ ಹತ್ತಿಯ ಅಂಡಿಗೆಗಳನ್ನು ತಂದು ಇಲ್ಲಿ ರಾಶಿ ಹಾಕುತ್ತಿದ್ದರು. ಮಾರಾಟ, ತೂಕ, ಚೌಕಾಶಿ ಎಲ್ಲವೂ ಬಯಲಿನಲ್ಲೇ. ಜನ ಅದನ್ನು ಕಾಟನ್ ಗ್ರೀನ್ ಎಂದು ಕರೆಯತೊಡಗಿದರು. ಜನವಸತಿಯ ನಡುವೆ ಇಷ್ಟು ಹತ್ತಿಯಿರುವುದು ಅನನುಕೂಲವೆಂದು 1844ರಲ್ಲಿ ಹತ್ತಿ ಪೇಟೆಯನ್ನು ಕೊಲಾಬಕ್ಕೆ ಸಾಗಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅದು ಶಿವಡಿಯ ಕಡೆಗೆ ಹೋಯಿತು. ಹಾರ್ಬರ್ ಮಾರ್ಗದ ಕಾಟನ್ ಗ್ರೀನ್ ನಿಲ್ದಾಣ ಹೊತ್ತಿರುವುದು ಈ ಹಳೆಯ ಬಯಲಿನ ಹೆಸರನ್ನೇ.

ಆ ಹತ್ತಿ ಎಲ್ಲಿಂದ ಬರುತ್ತಿತ್ತು? ಗುಜರಾತಿನಿಂದ, ವರ್ಹಾಡದಿಂದ, ಖಾನದೇಶದಿಂದ. ನಮ್ಮ ಕಡೆಯಿಂದಲೂ ಬರುತ್ತಿತ್ತು. ಮುಂಬಯಿಯ ಹತ್ತಿ ವ್ಯಾಪಾರಿಗಳ ನಾಲಗೆಯಲ್ಲಿ ಬಹುಕಾಲ ಓಡಾಡಿದ ಎರಡು ಹೆಸರುಗಳು ಕುಮಟಾ ಮತ್ತು ಧಾರವಾಡ. ಕುಮಟೆಯ ಉಸುಕಿನಲ್ಲಿ ಹತ್ತಿ ಬೆಳೆಯುವುದಿಲ್ಲವೆಂದು ಆ ಊರಿನವರಿಗೆ ಹೇಳಬೇಕಾಗಿಲ್ಲ. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಜವಾರಿ ಹತ್ತಿಯನ್ನು ಹೇರೆತ್ತುಗಳ ಮೇಲೆ, ಆಮೇಲೆ ಗಾಡಿಗಳಲ್ಲಿ, ಘಟ್ಟ ಇಳಿಸಿ ಕುಮಟೆ ಬಂದರಕ್ಕೆ ತಂದು, ಅಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ ಸಾಗಿಸುತ್ತಿದ್ದರು. ಬೆಳೆದವನ ಊರಿನ ಹೆಸರು ಹಾದಿಯಲ್ಲಿ ಅಳಿಸಿ, ಹಡಗು ಹತ್ತಿಸಿದ ಊರಿನ ಹೆಸರು ಉಳಿಯಿತು. ಧಾರವಾಡವೆಂಬ ಹೆಸರು ಸಿಕ್ಕಿದ್ದು ಪರದೇಶದ ಬೀಜಕ್ಕೆ. 1840ರ ದಶಕದಲ್ಲಿ ಅಮೆರಿಕೆಯಿಂದ ಹತ್ತಿ ಬೆಳೆಯಬಲ್ಲವರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಹುಬ್ಬಳ್ಳಿ ಧಾರವಾಡಗಳ ಸುತ್ತ ಬಿತ್ತಿಸಿ ನೋಡಿದರು. ಬೇರೆಲ್ಲೂ ಸರಿಯಾಗಿ ನೆಲೆಗೊಳ್ಳದ ಆ ಬೀಜ ಧಾರವಾಡದ ಮಣ್ಣಿಗೆ ಒಗ್ಗಿಕೊಂಡಿತು. ಪರಸ್ಥಳದಿಂದ ಬಂದ ಬೀಜ, ಬೇರು ಬಿಟ್ಟ ಮಣ್ಣಿನ ಹೆಸರಿನಿಂದಲೇ ಖ್ಯಾತವಾಯಿತು. ಪರಸ್ಥಳದಲ್ಲಿ ಬೇರು ಬಿಟ್ಟ ನಾವು ಈ ಸಂಗತಿಯನ್ನು ಮನಸ್ಸಿಗೆ ಹಚ್ಚಿಕೊಳ್ಳದಿರಲು ಸಾಧ್ಯವೇ?

ಮೂವತ್ತು ಮೆಟ್ಟಿಲು

ಬಯಲಿನ ಪೂರ್ವದ ಅಂಚಿನಲ್ಲಿ ಟೌನ್ ಹಾಲ್ ಎದ್ದಿದ್ದು ಹತ್ತಿ ಪೇಟೆ ಇನ್ನೂ ಇಲ್ಲಿದ್ದಾಗಲೇ. ಅದನ್ನು ರೂಪಿಸಿದವನು ಬಾಂಬೆ ಎಂಜಿನಿಯರ್ಸ್ ದಳದ ಕರ್ನಲ್ ಥಾಮಸ್ ಕೌಪರ್. 1820ರ ದಶಕದ ಆರಂಭದಲ್ಲಿ ಕೆಲಸ ಶುರುವಾಯಿತು. ಲಾಟರಿಗಳಿಂದ ಹಣ ಎತ್ತಲು ನೋಡಿದರು. ಸಾಲದೆ ಬಂದು ಕೊನೆಗೆ ಸರಕಾರವೇ ಹೊಣೆ ಹೊರಬೇಕಾಯಿತು. ಕಟ್ಟಡ ಮುಗಿಯುವಾಗ 1833ನೆಯ ಇಸವಿ. ಅಷ್ಟರಲ್ಲಿ ಕೌಪರ್ ತೀರಿಕೊಂಡು ವರ್ಷಗಳೇ ಆಗಿದ್ದವು.

ಪ್ರಾಚೀನ ಗ್ರೀಕ್ ದೇಗುಲದ ಮುಖವನ್ನು ನೆನಪಿಗೆ ತರುವ ಈ ಕಟ್ಟಡದ ಎದುರಿಗೆ ಎಂಟು ಡೋರಿಕ್ ಕಂಬಗಳಿವೆ. ಕಂಬದ ಬುಡದಲ್ಲಿ ಪೀಠವಿಲ್ಲ, ತಲೆಯಲ್ಲಿ ಹೂಬಳ್ಳಿಯಿಲ್ಲ. ಮೈಯುದ್ದಕ್ಕೂ ಕೊರೆದ ನೇರ ಗಾಡಿಗಳಷ್ಟೇ. ಬೇಲೂರು, ಹಳೇಬೀಡು, ಲಕ್ಕುಂಡಿಗಳಲ್ಲಿ ತಿರುಗಣೆ ಹಿಡಿದು ಮಾಡಿದಂಥ ಕಂಬಗಳ ನುಣುಪನ್ನು ಕಂಡ ಕಣ್ಣಿಗೆ ಇದು ತುಸು ಬರಿದೆನ್ನಿಸಬಹುದು. ನಮ್ಮ ಶಿಲ್ಪಿ ಕಲ್ಲನ್ನು ಕೆತ್ತಿ ಕೆತ್ತಿ ಭಾರವನ್ನು ಮರೆಸುತ್ತಾನೆ. ಗ್ರೀಕ್ ಮಾದರಿಯವನು ಭಾರವನ್ನೇ ತೋರಿಸಿ ಗಾಂಭೀರ್ಯ ತರುತ್ತಾನೆ. ಎರಡೂ ದೊಡ್ಡ ಕಲೆಗಳೇ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಸರಿಯಲ್ಲ. ಕಂಬಗಳವರೆಗೆ ಏರಿಹೋಗುವ ಅಗಲವಾದ ಮೂವತ್ತು ಮೆಟ್ಟಿಲುಗಳನ್ನು ಕೆಳಗಿನಿಂದ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಇದು ಆಳುವವರು ಎತ್ತರದಲ್ಲಿ ನಿಲ್ಲಲು, ಆಳಿಸಿಕೊಳ್ಳುವವರು ಕೆಳಗೆ ನಿಂತು ಕೇಳಲು ಕಟ್ಟಿದ ಕಟ್ಟಡ.

ಹಾಗೆ ಕೇಳಿದ್ದೂ ಉಂಟು. 1858ರ ನವೆಂಬರ್ 1ರಂದು ಇದೇ ಮೆಟ್ಟಿಲುಗಳ ಮೇಲಿಂದ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಲಾಯಿತು. ಕಂಪನಿಯ ಆಡಳಿತ ಮುಗಿಯಿತು, ರಾಣಿಯ ಆಳ್ವಿಕೆ ಮೊದಲಾಯಿತು ಎಂಬುದನ್ನು ಮುಂಬಯಿ ತಿಳಿದುಕೊಂಡಿದ್ದು ಇಲ್ಲಿ. ಅದಕ್ಕೆ ಒಂದು ವರ್ಷದ ಹಿಂದೆಯಷ್ಟೇ, 1857ರ ಅಕ್ಟೋಬರಿನಲ್ಲಿ, ಬಂಡಾಯದ ಸಂಚು ಹೂಡಿದರೆಂದು ಇಬ್ಬರು ಸಿಪಾಯಿಗಳನ್ನು ಕೋಟೆಯ ಹೊರಗಿನ ಮೈದಾನದಲ್ಲಿ ತೋಪಿನ ಬಾಯಿಗೆ ಕಟ್ಟಿ ಹಾರಿಸಿದ್ದರು. ಆ ಸಂಚನ್ನು ಪತ್ತೆ ಹಚ್ಚಿದವನು ನಗರದ ಪೊಲೀಸ್ ಮುಖ್ಯಸ್ಥ ಚಾರ್ಲ್ಸ್ ಫೋರ್ಜೆಟ್. ವೇಷ ಮರೆಸಿಕೊಂಡು ಜನರ ನಡುವೆ ಸುಳಿದಾಡುವುದರಲ್ಲಿ ಅವನು ನಿಪುಣನೆಂದು ಹೆಸರಾಗಿದ್ದ. ನಾವು ಇಂದು ಮೆಚ್ಚಿ ನೋಡುವ ದುಂಡು ವೃತ್ತದ ಕಲ್ಪನೆ ಮೊದಲು ಮೂಡಿದ್ದು ಇದೇ ಫೋರ್ಜೆಟನ ತಲೆಯಲ್ಲಿ ಎಂಬುದು ಚರಿತ್ರೆಯ ವಿಚಿತ್ರ.

ಯುದ್ಧ ಅಲ್ಲಿ, ಸುಗ್ಗಿ ಇಲ್ಲಿ

ಹತ್ತಿ ಪೇಟೆ ಹೋದ ಮೇಲೆ ಬಯಲು ಪಾಳುಬಿದ್ದಿತ್ತು. ಕಸ, ತೆಂಗಿನ ಚಿಪ್ಪು ಎಸೆಯುವ ತಿಪ್ಪೆಯಾಗಿತ್ತು. ಇಲ್ಲಿ ವೃತ್ತಾಕಾರದ ಉದ್ಯಾನ ಮಾಡಿ, ಸುತ್ತಲೂ ಒಂದೇ ಮಾದರಿಯ ಕಟ್ಟಡಗಳನ್ನು ಎಬ್ಬಿಸಬೇಕೆಂದು ಫೋರ್ಜೆಟ್ ಸೂಚಿಸಿದ. ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಒಪ್ಪಿದ. ಅವನ ನಂತರ ಬಂದ ಸರ್ ಬಾರ್ಟಲ್ ಫ್ರೇರ್ ಬೆಂಬಲಿಸಿದ. ಆಡಳಿತ ಇಡೀ ಜಾಗವನ್ನು ತನ್ನ ವಶಕ್ಕೆ ತೆಗೆದುಕೊಂಡು, ನಿವೇಶನಗಳಾಗಿ ವಿಂಗಡಿಸಿ, ವ್ಯಾಪಾರಿ ಸಂಸ್ಥೆಗಳಿಗೆ ಒಳ್ಳೆಯ ಲಾಭಕ್ಕೆ ಮಾರಿತು. ಕೊಂಡವರೆಲ್ಲ ಒಂದೇ ಎತ್ತರ, ಒಂದೇ ಮುಖದ ಕಟ್ಟಡ ಕಟ್ಟಬೇಕು. ಹೀಗೆ ಮೂಡಿದ್ದು ಎಲ್ಫಿನ್‌ಸ್ಟನ್ ಸರ್ಕಲ್.

ಇಷ್ಟು ಬೆಲೆ ಕೊಟ್ಟು ಕಟ್ಟುವ ಹಣ ಎಲ್ಲಿಂದ ಬಂತು? ಮತ್ತೆ ಹತ್ತಿಯಿಂದಲೇ. 1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಮುತ್ತಿಗೆ ಬಿದ್ದು, ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಹತ್ತಿಗಾಗಿ ಇಂಗ್ಲೆಂಡು ಕೈಚಾಚಿದ್ದು ಮುಂಬಯಿಯತ್ತ. ಬೆಲೆ ನೋಡನೋಡುತ್ತ ಹಲವು ಪಟ್ಟು ಏರಿತು. ಯುದ್ಧದ ವರ್ಷಗಳಲ್ಲಿ ಮುಂಬಯಿಗೆ ಹರಿದ ಹೆಚ್ಚುವರಿ ಹಣ 7 ಕೋಟಿ ಪೌಂಡಿಗೂ ಮಿಗಿಲೆಂದು ಆ ಕಾಲದವರು ಲೆಕ್ಕ ಹಾಕಿದ್ದಾರೆ.

ಈ ಹತ್ತಿಯ ಹಸಿವು ನಮ್ಮ ನಾಡಿನ ನಕಾಶೆಯನ್ನೂ ಬದಲಿಸಿತು. ಆವರೆಗೆ ಕೆನರಾ ಜಿಲ್ಲೆ ಇಡಿಯಾಗಿ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಧಾರವಾಡದ ಹತ್ತಿಯನ್ನು ಹಡಗಿಗೆ ಹಾಕಲು ಕಾರವಾರದ ಬಂದರು ಬೇಕು, ಹತ್ತಿ ಬೆಳೆಯುವ ಜಿಲ್ಲೆಯೂ ಬಂದರವೂ ಒಂದೇ ಸರಕಾರದ ಕೈಯಲ್ಲಿರಬೇಕು ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯ ತಂದರು. 1862ರಲ್ಲಿ ಉತ್ತರ ಕೆನರಾ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಅಕ್ಕಪಕ್ಕದ ಜನ ಎರಡು ಪ್ರಾಂತಗಳವರಾದರು. ಅಲ್ಲಿಂದಾಚೆಗೆ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳವರಿಗೆ ಓದಿಗೂ ನೌಕರಿಗೂ ನ್ಯಾಯಕ್ಕೂ ಮುಂಬಯಿಯೇ ರಾಜಧಾನಿ. ಧಾರವಾಡ, ಬೆಳಗಾವಿಗಳ ಸೀಮೆ ಅದಕ್ಕೂ ಮುಂಚೆಯೇ ಈ ಪ್ರಾಂತದಲ್ಲಿತ್ತು. ನಮ್ಮ ಅಜ್ಜಂದಿರು ಹಡಗು ಹತ್ತಿ, ಆಮೇಲೆ ರೈಲು ಹತ್ತಿ ಇತ್ತ ಬಂದುದಕ್ಕೆ ಹಸಿವು, ಬಡತನಗಳಷ್ಟೇ ಕಾರಣವಲ್ಲ. ಹತ್ತಿ ಬಂದ ದಾರಿಯಲ್ಲಿ ಜನರೂ ಬಂದರು.

ಸುಗ್ಗಿಯ ಹಣ ಜೂಜಿಗೆ ದಾರಿಯಾಯಿತು. 1850ರ ದಶಕದಿಂದಲೇ ಟೌನ್ ಹಾಲಿನ ಎದುರಿನ ಆಲದ ಮರದಡಿ ಕೆಲವು ದಲ್ಲಾಳಿಗಳು ಸೇರಿ ಷೇರು ವ್ಯವಹಾರ ನಡೆಸುತ್ತಿದ್ದರು. ಯುದ್ಧಕಾಲದಲ್ಲಿ ಆ ಹುಚ್ಚು ಇಡೀ ಊರಿಗೆ ಹಬ್ಬಿತು. ಸಮುದ್ರ ತುಂಬಿಸಿ ಜಾಗ ಮಾಡಲು ಹೊರಟ ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಷೇರು 50,000ಕ್ಕೆ ಏರಿತು. 1865ರ ಏಪ್ರಿಲಿನಲ್ಲಿ ಅಮೆರಿಕೆಯ ಯುದ್ಧ ನಿಂತಿತು. ಹತ್ತಿಯ ಬೆಲೆ ಕುಸಿಯಿತು. ಆ ವರ್ಷದ ಜುಲೈ 1ರಂದು ವಾಯಿದೆಯ ವ್ಯವಹಾರಗಳ ಲೆಕ್ಕ ಚುಕ್ತಾ ಮಾಡಬೇಕಾದ ದಿನ ಬಂದಾಗ ಕೋಟ್ಯಧೀಶರೆನಿಸಿಕೊಂಡವರು ದಿವಾಳಿಯಾಗಿ ನಿಂತರು. ಹಳೆಯ ಬ್ಯಾಂಕ್ ಆಫ್ ಬಾಂಬೆಯೂ ಚೇತರಿಸಿಕೊಳ್ಳದೆ ಮುಚ್ಚಿಹೋಯಿತು. ಆಲದ ಮರದ ದಲ್ಲಾಳಿಗಳು ಮಾತ್ರ ಅಳಿಯಲಿಲ್ಲ. ಅವರು 1874ರ ಹೊತ್ತಿಗೆ ಇಂದಿನ ದಲಾಲ್ ಸ್ಟ್ರೀಟಿಗೆ ತಲುಪಿ, 1875ರಲ್ಲಿ ಸಂಘ ಕಟ್ಟಿಕೊಂಡರು. ಅದೇ ಮುಂಬಯಿ ಷೇರು ಪೇಟೆ.

ವೃತ್ತವೂ ಉಳಿಯಿತು. ಸುಗ್ಗಿಯಲ್ಲಿ ಆರಂಭಿಸಿದ ಕೆಲಸ ಕುಸಿತದ ನಂತರವೂ ಮುಂದುವರಿದು, ಉದ್ಯಾನ 1872ರಲ್ಲಿ ಪೂರ್ಣವಾಯಿತು. ಕಟ್ಟಡಗಳನ್ನು ರೂಪಿಸಿದವನು ಜೇಮ್ಸ್ ಟ್ರಬ್‌ಶಾ. ಕೆಳ ಅಂತಸ್ತಿನಲ್ಲಿ ಕಮಾನುಗಳ ಸಾಲಿನಿಂದ ಕೂಡಿದ ಮೊಗಸಾಲೆ. ಮಳೆಗಾಲದಲ್ಲಿ ಕೊಡೆಯಿಲ್ಲದವನೂ ನೆನೆಯದೆ ಅರ್ಧ ವೃತ್ತ ದಾಟಬಹುದು, ಏಪ್ರಿಲಿನ ಬಿಸಿಲಿಗೂ ಅದೇ ಆಸರೆ. ಇಂಗ್ಲೆಂಡಿನ ಬಾಗುಸಾಲಿನ ಮನೆಗಳ ಮಾದರಿಯನ್ನು ತಂದರೂ ಮುಂಬಯಿಯ ಮಳೆಯನ್ನು ಮರೆಯಲಿಲ್ಲ ಎನ್ನುವುದು ಈ ವಾಸ್ತುವಿನ ಹೆಚ್ಚುಗಾರಿಕೆ. ಕಮಾನಿನ ನೆತ್ತಿಯಲ್ಲಿ ಎರಡು ಬದಿಯ ಕಲ್ಲುಗಳನ್ನು ಕಚ್ಚಿಹಿಡಿಯುವ ನಡುಗಲ್ಲೊಂದಿರುತ್ತದಲ್ಲ, ಅದರ ಮೇಲೆ ಮನುಷ್ಯಮುಖಗಳನ್ನು ಕೆತ್ತಿದ್ದಾರೆ. ಮಕ್ಕಳನ್ನು ಕರೆದೊಯ್ದವರು ಆ ಮುಖಗಳನ್ನು ತೋರಿಸಬೇಕು. ಗಡ್ಡದ ಆ ಗಂಭೀರ ಮುಖಗಳ ನಡುವೆ ಎರೆಹೊಲದಲ್ಲಿ ಹತ್ತಿ ಬಿಡಿಸಿದ ಹೆಣ್ಣುಮಗಳ ಮುಖ, ಘಟ್ಟದಲ್ಲಿ ಎತ್ತು ಹೊಡೆದವನ ಮುಖ, ಪತ್ತೆಮಾರಿಯ ಹಗ್ಗ ಎಳೆದವನ ಮುಖ ಸಿಗುವುದಿಲ್ಲ. ಕಮಾನಿನ ಭಾರ ಹೊತ್ತ ಹಣದಲ್ಲಿ ಮಾತ್ರ ಅವರ ಬೆವರೂ ಸೇರಿದೆ.

ಶಾಸನಗಳು ಮೆಟ್ಟಿಲು ಹತ್ತಿದ ಕತೆ

ಹತ್ತಿಯ ಪಾಲಾಯಿತು. ಇನ್ನು ಅಕ್ಷರದ ಪಾಲು. ಸರ್ ಜೇಮ್ಸ್ ಮ್ಯಾಕಿಂಟಾಷ್ 1804ರಲ್ಲಿ ಮುಂಬಯಿಯಲ್ಲೊಂದು ಸಾಹಿತ್ಯ ಸಂಘವನ್ನು ಸ್ಥಾಪಿಸಿದ. ಅದು ಮುಂದೆ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯಾಗಿ ಟೌನ್ ಹಾಲಿನಲ್ಲಿ ನೆಲೆಯೂರಿತು. ಸ್ವಾತಂತ್ರ್ಯಾನಂತರ ಅದು ಸ್ವತಂತ್ರ ಏಷ್ಯಾಟಿಕ್ ಸೊಸೈಟಿಯಾಯಿತು. ದಾಂತೆ ಮಹಾಕವಿಯ ಮೇರುಕೃತಿಯ ಪುರಾತನ ಹಸ್ತಪ್ರತಿಯೊಂದು ಇಲ್ಲಿದೆ. ನಾಲಾಸೋಪಾರಾದ ಸ್ತೂಪದಲ್ಲಿ ಭಗವಾನಲಾಲ್ ಇಂದ್ರಜಿಯವರು 1882ರಲ್ಲಿ ಕಂಡ ಬೌದ್ಧ ಅವಶೇಷದ ಕರಂಡಕಗಳೂ ಇಲ್ಲಿವೆ. ಒಳಗೆ ಗವರ್ನರುಗಳ ಅಮೃತಶಿಲೆಯ ಪ್ರತಿಮೆಗಳ ಜತೆಗೆ ಮುಂಬಯಿಯ ಹಿರಿಯ ನಾಗರಿಕ ಜಗನ್ನಾಥ ಶಂಕರಶೇಟರ ಪ್ರತಿಮೆಯೂ ಇದೆ. ಅಲ್ಲಿರುವ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಬೇರೆ, ವೃತ್ತಕ್ಕೆ ಹೆಸರು ಕೊಟ್ಟ ಲಾರ್ಡ್ ಎಲ್ಫಿನ್‌ಸ್ಟನ್ ಬೇರೆ. ಮೊದಲಿನವನು ಚಿಕ್ಕಪ್ಪನಾದರೆ ಎರಡನೆಯವನು ಅವನ ಅಣ್ಣನ ಮಗ.

ಈ ಸೊಸೈಟಿಯ ನಿಯತಕಾಲಿಕದಲ್ಲಿ 1870ರ ದಶಕದಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಐ.ಸಿ.ಎಸ್. ಅಧಿಕಾರಿ ಸವದತ್ತಿ, ಬೆಳಗಾವಿಗಳ ರಟ್ಟ ಅರಸರ ಶಾಸನಗಳನ್ನು ಪ್ರಕಟಿಸಿದ. ಊರ ಗುಡಿಯ ಗೋಡೆಗೆ ಒರಗಿದ್ದ, ಜನ ಎಣ್ಣೆ ಹಚ್ಚಿ ಕುಂಕುಮವಿಟ್ಟು ಓದದೆ ಬಿಟ್ಟಿದ್ದ ಕಲ್ಲುಗಳ ಹಳಗನ್ನಡ ಹೀಗೆ ಮುಂಬಯಿಯಲ್ಲಿ ಅಚ್ಚಾಯಿತು. 1872ರಲ್ಲಿ ಮುಂಬಯಿಯಲ್ಲೇ ಆರಂಭವಾದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಬಾದಾಮಿ, ಐಹೊಳೆಗಳ ಶಾಸನಗಳು ಬೆಳಕು ಕಂಡವು. ಇವೆಲ್ಲವನ್ನು ಕೂಡಿಸಿ ಫ್ಲೀಟ್ 1882ರಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದ. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು ಯಾರ ನಂತರ ಯಾರು, ಯಾವ ಕಾಲದವರು ಎಂಬುದು ಕ್ರಮವಾಗಿ ನಮ್ಮ ಕೈಗೆ ಸಿಕ್ಕಿದ್ದು ಇಂಥ ಪರಿಶ್ರಮದಿಂದ.

ಸರಕಾರಿ ಅಧಿಕಾರಿಯ ಕುತೂಹಲಕ್ಕೆ ಅವನದೇ ಕಾರಣಗಳಿದ್ದಿರಬಹುದು. ಆದರೆ ಅಚ್ಚಾದ ಅಕ್ಷರ ಅಚ್ಚು ಹಾಕಿದವನ ಕೈಯಲ್ಲೇ ಉಳಿಯುವುದಿಲ್ಲ. 1917ರಲ್ಲಿ ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ, ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ನೀವು ಒಂದೇ ಎಂದು ಸಾರಿದಾಗ ಅವರ ಮಾತಿನ ಕೆಳಗೆ ಶಾಸನ ಸಂಶೋಧನೆಯ ಗಟ್ಟಿ ನೆಲವಿತ್ತು. ಸವದತ್ತಿಯ ಕಲ್ಲು ಮುಂಬಯಿಯ ಮೆಟ್ಟಿಲು ಹತ್ತಿ, ಅಚ್ಚಾಗಿ, ಧಾರವಾಡಕ್ಕೆ ಮರಳಿ, ಏಕೀಕರಣದ ಕೂಗಿಗೆ ಬಲವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತವನ್ನು ಬಿಟ್ಟು ಕನ್ನಡ ರಾಜ್ಯವನ್ನು ಸೇರಿದವು. ತಾರೀಖನ್ನು ಗಮನಿಸಿ. ಈ ಮೆಟ್ಟಿಲುಗಳ ಮೇಲೆ ರಾಣಿಯ ಘೋಷಣೆ ಓದಿದ ದಿನಕ್ಕೆ ಸರಿಯಾಗಿ 98 ವರ್ಷ. ಇದು ಕೇವಲ ಕಾಕತಾಳೀಯ. ಆದರೂ ಪ್ರತಿವರ್ಷ ಮುಂಬಯಿಯಲ್ಲಿ ರಾಜ್ಯೋತ್ಸವ ಆಚರಿಸುವ ನಮಗೆ ನೆನಪಿಟ್ಟುಕೊಳ್ಳತಕ್ಕ ಕಾಕತಾಳೀಯ.

ಇಂದಿನ ಸಂಬಂಧವೂ ಒಂದಿದೆ. ಟೌನ್ ಹಾಲಿನ ಆವರಣದಲ್ಲೇ ರಾಜ್ಯದ ಕೇಂದ್ರ ಗ್ರಂಥಾಲಯವಿದೆ. ಭಾರತದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ನಾಲ್ಕು ಗ್ರಂಥಾಲಯಗಳಿಗೆ ಕಳುಹಿಸಬೇಕೆಂದು 1954ರ ಕಾಯಿದೆ ವಿಧಿಸುತ್ತದೆ. ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯ, ಮದರಾಸಿನ ಕನ್ನಿಮಾರ, ದೆಹಲಿಯ ಸಾರ್ವಜನಿಕ ಗ್ರಂಥಾಲಯಗಳ ಜತೆಗೆ ನಾಲ್ಕನೆಯದು ಮುಂಬಯಿಯ ಇದೇ ಗ್ರಂಥಾಲಯ. ಅಂದರೆ ಗದಗಿನಲ್ಲಾಗಲಿ, ಮೈಸೂರಿನಲ್ಲಾಗಲಿ, ಮಂಗಳೂರಿನಲ್ಲಾಗಲಿ ಅಚ್ಚಾದ ಪ್ರತಿ ಕನ್ನಡ ಪುಸ್ತಕಕ್ಕೂ ಕಾಯಿದೆಯ ಪ್ರಕಾರ ಇಲ್ಲೊಂದು ಜಾಗವಿದೆ. ಬೆಂಗಳೂರಿಗಿಲ್ಲದ ಈ ಭಾಗ್ಯ ಮುಂಬಯಿಗಿದೆ.

ಹೆಸರು ಬದಲಾದ ಬಗೆ

ಕೊನೆಗೆ ಹೆಸರಿನ ವಿಚಾರ. ಗವರ್ನರನ ಹೆಸರು ಹೋಗಿ ಹಾರ್ನಿಮನ್ ಹೆಸರು ಬಂದುದು ಸ್ವಾತಂತ್ರ್ಯ ಸಿಕ್ಕ ಬಳಿಕ. ಪರಕೀಯ ಹೆಸರುಗಳನ್ನು ಅಳಿಸುವ ಆ ಕಾಲದಲ್ಲಿ, ನಗರದ ಇಷ್ಟು ಮುಖ್ಯವಾದ ಜಾಗಕ್ಕೆ ಇನ್ನೊಬ್ಬ ಇಂಗ್ಲಿಷನ ಹೆಸರನ್ನೇ ಇಟ್ಟರೇಕೆ?

ಬೆಂಜಮಿನ್ ಗೈ ಹಾರ್ನಿಮನ್ ಪತ್ರಕರ್ತ. ಕಲಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ದುಡಿದು, ಫಿರೋಜ್‌ಶಾ ಮೆಹ್ತಾ ಅವರು ಸ್ಥಾಪಿಸಿದ ಬಾಂಬೆ ಕ್ರಾನಿಕಲ್ ಪತ್ರಿಕೆಗೆ 1913ರಲ್ಲಿ ಸಂಪಾದಕನಾಗಿ ಬಂದವನು. 1919ರಲ್ಲಿ ರೌಲಟ್ ಕಾಯಿದೆಯ ವಿರುದ್ಧ ಗಾಂಧೀಜಿ ಸತ್ಯಾಗ್ರಹ ಸಭೆಯನ್ನು ಕಟ್ಟಿದಾಗ ಅದರ ಉಪಾಧ್ಯಕ್ಷರಲ್ಲೊಬ್ಬನಾದ. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಹತ್ಯಾಕಾಂಡವಾಯಿತು. ಪಂಜಾಬಿನ ಸುದ್ದಿ ಹೊರಗೆ ಬಾರದಂತೆ ಸರಕಾರ ಬಾಯಿ ಕಟ್ಟುತ್ತಿದ್ದಾಗ ಕ್ರಾನಿಕಲ್ ಸುಮ್ಮನಿರಲಿಲ್ಲ. ಏಪ್ರಿಲ್ 26ರಂದು ಹಾರ್ನಿಮನ್‌ನನ್ನು ಹಡಗು ಹತ್ತಿಸಿ ಗಡೀಪಾರು ಮಾಡಿದರು. ಇಂಗ್ಲೆಂಡಿನಲ್ಲೂ ಅವನು ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಅಮೃತಸರದ ಬಗ್ಗೆ ಪುಸ್ತಕ ಬರೆದು ತನ್ನ ದೇಶದವರ ಎದುರಿಗೇ ಇಟ್ಟ. ಅನುಮತಿಗಾಗಿ ಕಾದು ಸಾಕಾಗಿ, 1926ರ ಆರಂಭದಲ್ಲಿ ಅನುಮತಿಯಿಲ್ಲದೆಯೇ ಭಾರತಕ್ಕೆ ಮರಳಿದ. ಮುಂದೆ ಬಾಂಬೆ ಸೆಂಟಿನಲ್ ಎಂಬ ಸಂಜೆಪತ್ರಿಕೆಯನ್ನೂ ನಡೆಸಿ, ಸ್ವತಂತ್ರ ಭಾರತವನ್ನು ಕಣ್ಣಾರೆ ಕಂಡು 1948ರಲ್ಲಿ ತೀರಿಕೊಂಡ. ಅವನ ನಂತರದ ವರ್ಷಗಳಲ್ಲಿ ಕ್ರಾನಿಕಲ್ ಪತ್ರಿಕೆಯನ್ನು ದೀರ್ಘಕಾಲ ಮುನ್ನಡೆಸಿದ ಸೈಯದ್ ಅಬ್ದುಲ್ಲಾ ಬ್ರೆಲ್ವಿ ಅವರ ಹೆಸರಿನ ರಸ್ತೆಯೂ ವೃತ್ತದ ಹತ್ತಿರದಲ್ಲೇ ಇದೆ. 1822ರಿಂದ ಪ್ರಕಟವಾಗುತ್ತ ಬಂದಿರುವ ಗುಜರಾತಿ ದಿನಪತ್ರಿಕೆ ಮುಂಬಯಿ ಸಮಾಚಾರದ ಕೆಂಪು ಕಟ್ಟಡವೂ ಆ ರಸ್ತೆಯಲ್ಲೇ.

ಹೆಸರು ಕಲ್ಲಿಗಿಂತ ಹೆಚ್ಚು ಬಾಳುತ್ತದೆ ಎಂದೆವಲ್ಲ. ಆದ್ದರಿಂದಲೇ ಯಾರ ಹೆಸರನ್ನು ಉಳಿಸಿಕೊಳ್ಳುತ್ತೇವೆಂಬುದು ಒಂದು ಊರಿನ ಮನಸ್ಸನ್ನು ಹೇಳುತ್ತದೆ. ಎಲ್ಫಿನ್‌ಸ್ಟನ್ ಇಲ್ಲಿ ಆಳಿದ, ಅವನ ಕಾಲದಲ್ಲಿ ಈ ವೃತ್ತದ ಯೋಜನೆಗೆ ಒಪ್ಪಿಗೆ ದೊರೆಯಿತು. ಅವನ ಹೆಸರು ಹೋಯಿತು. ಹಾರ್ನಿಮನ್ ಇಲ್ಲಿ ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಈ ಊರಿನವರಿಗೆ ಅನ್ಯಾಯವಾದಾಗ ಅವರ ಪರವಾಗಿ ಸತ್ಯ ಹೇಳಿ, ಅದರ ಬೆಲೆಯನ್ನೂ ತೆತ್ತ. ಅವನ ಹೆಸರು ಉಳಿಯಿತು. ಎಲ್ಲಿ ಹುಟ್ಟಿದೆ, ಮನೆಯಲ್ಲಿ ಯಾವ ಮಾತು ಆಡುತ್ತಿ ಎಂದು ಮುಂಬಯಿ ಅವನನ್ನು ಕೇಳಲಿಲ್ಲ.

ಈ ಊರು ಯಾರದ್ದು ಎಂಬ ಮಕ್ಕಳ ಪ್ರಶ್ನೆಗೆ ಈ ವೃತ್ತ ಕೊಡುವ ಉತ್ತರ ಇದೇ ಎಂದು ನಾವು ತಿಳಿಯುತ್ತೇವೆ. ಊರಿನಲ್ಲಿ ಪಾಲು ಸಿಗುವುದು ಮೂರು ಬಗೆಯಿಂದ. ಬೆವರಿನಿಂದ, ಅಕ್ಷರದಿಂದ, ಕಷ್ಟಕಾಲದಲ್ಲಿ ಜತೆಗೆ ನಿಲ್ಲುವುದರಿಂದ. ಮೊದಲನೆಯದನ್ನು ನಮ್ಮ ಹಿರಿಯರು ಹತ್ತಿಯ ಕಾಲದಿಂದಲೂ ಸಲ್ಲಿಸಿದ್ದಾರೆ. ಎರಡನೆಯದಕ್ಕೆ ಟೌನ್ ಹಾಲಿನ ಕಪಾಟುಗಳು ಸಾಕ್ಷಿ. ಮೂರನೆಯದು ಮಾತ್ರ ಹಿರಿಯರಿಂದ ಬಳುವಳಿಯಾಗಿ ಬರುವಂಥದ್ದಲ್ಲ. ಅದನ್ನು ಪ್ರತಿ ತಲೆಮಾರೂ ತಾನೇ ಸಂಪಾದಿಸಬೇಕು. ಊರಿನ ಕನ್ನಡವನ್ನು ಮನೆಯಲ್ಲಿ ಉಳಿಸಿಕೊಳ್ಳುವುದೂ, ಈ ನಗರದ ಸುಖದುಃಖಗಳಿಗೆ ಹೆಗಲು ಕೊಡುವುದೂ ಒಂದಕ್ಕೊಂದು ವಿರೋಧವಲ್ಲ. ಎರಡನ್ನೂ ಮಾಡಬಲ್ಲ ಮಕ್ಕಳಿಗೆ ನೀವು ಎಲ್ಲಿಯವರೆಂದು ಯಾರಾದರೂ ಕೇಳಿದರೆ ಎರಡು ಊರಿನ ಹೆಸರನ್ನೂ ಸಂಕೋಚವಿಲ್ಲದೆ ಹೇಳಬಹುದು.